ಕೆಂಪು ಬಲ್ಬು ಉರಿಯುವಾಗ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಹತ್ತಕ್ಕೆ ಬಲ್ಬು ಹಾಕಿದೆ. ಕೆಳಗೆ ಕುಕ್ಕರ್ ಆಫ್ ಆಯಿತು. ಫ್ಯಾನ್ ನಿಂತಿತು. ಅತ್ತಿಗೆ ನಲ್ಲಿ ಬಿಗಿ ಮಾಡಿದ್ದೂ ಕೇಳಿಸಿತು. ಈ ಮನೆಯಲ್ಲಿ ತಪ್ಪದೆ ನಡೆಯುವುದು ಇದೊಂದೇ — ಮೆಟ್ಟಿಲ ತುದಿಯ ಕೆಂಪು ಬಲ್ಬು ಉರಿಯುವಷ್ಟು ಹೊತ್ತು ರೆಕಾರ್ಡಿಂಗ್, ಯಾರೂ ಸದ್ದು ಮಾಡುವಂತಿಲ್ಲ. ಅಪ್ಪ ಹಾಕಿಕೊಟ್ಟ ನಿಯಮ. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದರು.

ಅಣ್ಣ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಸ್ಟಿಕ್‌ನಿಂದ ತಾಳ ಹಾಕುತ್ತಿದ್ದ. ಅವನ ಡ್ರಮ್‌ಸೆಟ್ ಹಾಲ್‌ನಲ್ಲಿ ಬೆಡ್‌ಶೀಟ್ ಹೊದ್ದು ನಿಂತಿದೆ. ಈಗಿನ ಹಾಡುಗಳಿಗೆ ಡ್ರಮ್ ಕಂಪ್ಯೂಟರಿನಿಂದಲೇ ಬರುತ್ತದೆ. ಹಾಗಾಗಿ ಅವನು ಈಗ ನಮ್ಮ ಗುಂಪಿನ ಮ್ಯಾನೇಜರ್. ಅಂದರೆ ಫೋನ್ ಎತ್ತುವವನು; ಫೋನ್ ಬರದಿದ್ದರೆ ಸಿಟ್ಟು ಮಾಡಿಕೊಳ್ಳುವವನು.

ನಮ್ಮ ಕೀಬೋರ್ಡಿನವರು, ಎಲ್ಲರೂ ಪಿಟೀಲು ಎಂದೇ ಕರೆಯುವವರು, ಒಂದು ಸ್ವರ ತಡವಾಗಿ ಹಿಡಿದರು. ಅಣ್ಣನ ಕೈಯಿಂದ ಸ್ಟಿಕ್ ಹಾರಿತು. ಅವರ ಕೆಳತುಟಿ ಸೀಳಿತು. ಬಿಳಿ ಕೀಗಳ ಮೇಲೆ ಬಿದ್ದ ರಕ್ತ ಒರೆಸಿದರೆ ಹೋಯಿತು, ಕಪ್ಪು ಕೀಗಳ ಸಂದಿಗೆ ಇಳಿದದ್ದು ಹೋಗಲಿಲ್ಲ.

ಪಿಟೀಲು ಕರವಸ್ತ್ರ ಒತ್ತಿಕೊಂಡು ಹೇಳಿದರು: "ಪಿಟೀಲು ನುಡಿಸ್ತಿದ್ದಾಗ ಮೈಮೇಲೆ ಒಂದು ಗೀರು ಬಿದ್ದಿರಲಿಲ್ಲ. ಪಿಟೀಲು ಯಾರಿಗೂ ಬೇಡವಾಯ್ತು, ಕೀಬೋರ್ಡಿಗೆ ಬಂದೆ. ಬಂದಮೇಲೆ ಬರೀ ರಕ್ತದಾನ."

ಅಣ್ಣನೇ ಐಸ್ ತಂದ. ಅವನೇ ಅವರ ತುಟಿಗೆ ಹಿಡಿದ. "ನೀವು ಸರಿಯಾಗಿ ನುಡಿಸಿದ್ರೆ ನನಗೆ ಯಾಕೆ ಸಿಟ್ಟು ಬರ್ತಿತ್ತು?"

ಎಸೆಯುತ್ತಾನೆ. ಕೈ ಮಾಡುವವನಲ್ಲ.

ಮಧ್ಯಾಹ್ನ ಹಾಡು ಬಿಡುಗಡೆ ಮಾಡುವ ಕಂಪನಿಯಿಂದ ಹಾಡು ಮತ್ತೆ ವಾಪಸ್. ಕಂಪನಿ ಮೇಡಂ (ನನಗಿಂತ ತುಂಬ ಚಿಕ್ಕವಳು, ಆದರೂ ಮೇಡಂ) ಫೋನ್ ಮಾಡಿದಳು. "ಇಂಟ್ರೊ ಯಾರೂ ಕೇಳಲ್ಲ ಮೇಡಂ. ಬೆರಳು ಮುಂದಿನ ವಿಡಿಯೊಗೆ ಹೋಗಿಬಿಡುತ್ತೆ. ಶುರುವಿನಲ್ಲೇ ಒಂದು ಏಟು ಬೇಕು. ಜನಕ್ಕೆ ಎದೆಗೆ ಬಿದ್ದ ಹಾಗೆ."

ಸರಿ. ಏಟು ಹುಡುಕಬೇಕು.

ಮಾರ್ಚ್ 5, ಬುಧವಾರ, ಸಂಜೆ

ಒಬ್ಬಳೇ ಕೂತು ತೀರಾ ಮೆಲ್ಲಗಿನ ದನಿಯಲ್ಲಿ ಹಾಡಿ ನೋಡಿದೆ. ಮೈಕ್ ಪೂರ್ತಿ ಏರಿಸಿದ್ದೆ, ನೊಣ ಹಾರಿದ ಸದ್ದೂ ಬೀಳುವಷ್ಟು. ನಡುವೆ ಮೇಡಂ ಫೋನ್. ಕೋಣೆಯ ಗೋಡೆಗೆಲ್ಲ ಹಾಸಿಗೆ ಒರಗಿಸಿರುವುದರಿಂದ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಟೆರೇಸಿಗೆ ಹೋದೆ. ಮಾತು ಮುಗಿಯುವುದೇ ಇಲ್ಲ ಅವಳದು. ಗುನುಗಿಕೊಂಡೇ ಇಳಿದು ಬಂದು ನೋಡಿದರೆ ರೆಕಾರ್ಡಿಂಗ್ ಓಡುತ್ತಲೇ ಇದೆ. ಬಲ್ಬೂ ಉರಿಯುತ್ತಿದೆ.

ಪಾಪ, ಖಾಲಿ ಕೋಣೆಗೆ ಹೆದರಿ ಮನೆಯವರೆಲ್ಲ ಉಸಿರು ಬಿಗಿ ಹಿಡಿದು ಕೂತಿರಬೇಕು. ನಗು ಬಂತು.

ಮಾರ್ಚ್ 6, ಗುರುವಾರ

ಏಟು ಸಿಕ್ಕಿತು.

ನಿನ್ನೆ ಖಾಲಿ ಓಡಿದ್ದನ್ನು ಅಳಿಸಲು ಕೂತಿದ್ದೆ. ಪರದೆಯ ಮೇಲೆ ಸದ್ದಿನ ಗೆರೆ ಚಪ್ಪಟೆ. ನಡುವೆ ಒಂದೇ ಒಂದು ಮುಳ್ಳು ಎದ್ದು ನಿಂತಿತ್ತು. ನೇರ ಅಲ್ಲಿಗೆ ಹೋಗಿ ಕೇಳಿದೆ. ಧಡ್. ಮರದ ಸದ್ದು, ಆಳದಿಂದ. ಕೊನೆಯಲ್ಲಿ ಚೂರು ಗಾಳಿ, ಯಾರೋ ಉಸಿರು ಒಳಗೆಳೆದ ಹಾಗೆ. ಯಾವ ಮೆಷೀನೂ ಇಂಥದ್ದು ಕೊಡುವುದಿಲ್ಲ.

ನನ್ನ ಕೋಣೆಗೂ ಅಣ್ಣ-ಅತ್ತಿಗೆಯ ಕೋಣೆಗೂ ನಡುವೆ ಇರುವುದು ಬರೀ ಪ್ಲೈವುಡ್, ಅದೊಂದಕ್ಕೆ ಹಾಸಿಗೆ ಒರಗಿಸಿಲ್ಲ. ಅವರ ಬೀರು ಆ ಕಡೆಯಿಂದ ಅದಕ್ಕೆ ಒರಗಿದೆ. ಬೀರುವಿನ ಬಾಗಿಲು ಬಡಿದಿರಬೇಕು.

ಮುಳ್ಳಿನ ಎರಡೂ ಪಕ್ಕ ಕತ್ತರಿಸಿದೆ. ಕತ್ತರಿಸುವುದೆಂದರೆ ಅಳಿಸುವುದಲ್ಲ, ಬಟ್ಟೆಯ ಅಂಚು ಒಳಗೆ ಮಡಚಿದ ಹಾಗೆ. ಅದನ್ನೇ ತಾಳವಾಗಿ ತಿರುಗಿಸಿದೆ. ಧಡ್, ಉಸಿರು. ಧಡ್, ಉಸಿರು. ಊಟಕ್ಕೆ ಮುಂಚೆ ಪಲ್ಲವಿ ಬಂತು. ಹೀಗೆ ಬಂದು ಎಷ್ಟು ಕಾಲವಾಗಿತ್ತೋ.

ಅತ್ತಿಗೆ ಎಡಗೈಯಲ್ಲಿ ಟೀ ತಂದರು. ಬಲಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದೆ. ಬಚ್ಚಲಲ್ಲಿ ಜಾರಿದರಂತೆ.

"ಇದೇನು ಸದ್ದು?"

"ಸಿಕ್ತು ಅತ್ತಿಗೆ. ನಿನ್ನೆ ಸಂಜೆ ಬೀರು ಬಾಗಿಲು ಜೋರಾಗಿ ಹಾಕಿದ್ರಾ?"

"ಹಾಕಿರಬಹುದು." ಲೋಟ ಮೇಜಿನ ಮೇಲಿಟ್ಟರು. "ಇದೇ ಬೇಕಾ? ಬೇರೆ ಸದ್ದು ಆಗಲ್ವಾ?"

"ಇದಿಲ್ಲದೆ ಹಾಡೇ ಇಲ್ಲ."

"ಸರಿ," ಅಂದು ಹೋದರು. ಮದುವೆಗೆ ಮುಂಚೆ ನಮ್ಮ ಗುಂಪಿನಲ್ಲೇ ಕೋರಸ್ ಹಾಡುತ್ತಿದ್ದವರು. ಅವರ ಕಿವಿಗೆ ಹಿಡಿಸಲಿಲ್ಲ ಅಂದರೆ ಯೋಚಿಸಬೇಕು. ಯೋಚಿಸಲಿಲ್ಲ.

ಮಾರ್ಚ್ 14

ಹಾಡು ಹೊರಗೆ ಬಂತು. ಇಡೀ ಹಾಡು ಎರಡು ನಿಮಿಷವೂ ಇಲ್ಲ. ಪಿಟೀಲು ಕೇಳಿ ಹೇಳಿದರು: "ರಾಗ ಕಲಿಯೋಕೆ ಹೋಗಿ ತಪ್ಪು ಮಾಡಿದೆ. ಒಂದು ಬೀರು ತಂದು ಒದೀತಾ ಇದ್ದಿದ್ರೆ ಆಗ್ತಿತ್ತು."

ಏಪ್ರಿಲ್ 9, ಬುಧವಾರ

ಜನ ಇದಕ್ಕೆ ಗೋಡೆ ಹಾಡು ಅಂತ ಹೆಸರಿಟ್ಟಿದ್ದಾರೆ. ಧಡ್ ಬಂದಾಗ ಬೆನ್ನನ್ನು ಗೋಡೆಗೆ ಹೊಡೆದುಕೊಳ್ಳಬೇಕು, ಅದನ್ನು ವಿಡಿಯೊ ಮಾಡಿ ಹಾಕಬೇಕು, ಅದೇ ಆಟ. ಫ್ರಿಜ್ಜಿಗೆ, ಬಸ್ಸಿಗೆ, ಲಿಫ್ಟಿನ ಬಾಗಿಲಿಗೆ. ಶಾಲೆಯ ಸಮವಸ್ತ್ರದಲ್ಲಿ ಸಾಲಾಗಿ ನಿಂತ ಹುಡುಗಿಯರು. ಆಸ್ಪತ್ರೆಯ ಬಟ್ಟೆಯಲ್ಲಿ ನರ್ಸುಗಳು. ಒಂದು ಜೋಡಿ — ಅವನು ತಳ್ಳುತ್ತಾನೆ, ಅವಳು ಬೀರುವಿಗೆ ಬಡಿದು ಕುಸಿಯುತ್ತಾಳೆ, ಇಬ್ಬರೂ ನಗುತ್ತಾರೆ. ಇದನ್ನೇ ಹೆಚ್ಚು ಜನ ನೋಡಿರುವುದು.

ಅಣ್ಣ ಬೆಳಗಿನ ತಿಂಡಿಗೆ ಫೋನನ್ನು ಲೋಟಕ್ಕೆ ಒರಗಿಸಿ ಇಟ್ಟುಕೊಳ್ಳುತ್ತಾನೆ. ಧಡ್ ಬಂದಾಗಲೆಲ್ಲ ಮೇಜು ಗುದ್ದುತ್ತಾನೆ. ಅತ್ತಿಗೆ ಸಿಂಕಿನ ಮುಂದೆ ನಮಗೆ ಬೆನ್ನು ಹಾಕಿ ನಿಂತಿರುತ್ತಾರೆ. ಒಂದೊಂದು ಸಲಕ್ಕೂ ಅವರ ಭುಜ ಮೇಲೆ ಹಾರುತ್ತದೆ.

ಅಣ್ಣನನ್ನು ಯಾರೋ ಮಾತಾಡಿಸಿದ್ದಾರೆ, ಪಾಡ್‌ಕಾಸ್ಟಿಗೆ. ಕೂತು ಕೇಳಿಸಿದ. "ಮೆಷೀನ್ ಅಲ್ಲ ಸಾರ್ ಅದು. ನಮ್ಮ ಮನೆ ಸದ್ದು. ಹಾಡು ತಂಗೀದು, ತಾಳ ನಂದು." ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಇರಲಿ ಅಂದುಕೊಂಡೆ. ಬೆಡ್‌ಶೀಟ್ ಹೊದ್ದ ಡ್ರಮ್ಮಿನ ಪಕ್ಕದಲ್ಲಿ ಬದುಕುವವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಏಪ್ರಿಲ್ 21

ದೊಡ್ಡ ಶೋ ನಿಗದಿಯಾಯಿತು, ಮೇ 24ಕ್ಕೆ. ಬಯಲು ವೇದಿಕೆ. ಅಣ್ಣನೂ ವೇದಿಕೆ ಹತ್ತುತ್ತಾನೆ — ರಬ್ಬರ್ ಪ್ಯಾಡಿನ ಮೇಲೆ ಸ್ಟಿಕ್ ಬಡಿದರೆ ಧಡ್ ಹೊರಡುತ್ತದೆ. ಪ್ಯಾಡಿಗೆ ಅವನು "ಡಬ್ಬ" ಅನ್ನುತ್ತಾನೆ, ಅದರ ಬಟನ್ ಮುಟ್ಟುವುದು ಅವಮಾನ ಅವನಿಗೆ. ಯಾವಾಗಲೂ ಅದಕ್ಕೆ ಸದ್ದು ತುಂಬಿಸಿಕೊಡುವವರು ಅತ್ತಿಗೆ. ಇವತ್ತು ಅವನು ಹಾಲ್‌ನಲ್ಲಿ ಕೂತು ಗಾಳಿಗೇ ಬಾರಿಸುತ್ತಿದ್ದ. ಮುಖದಲ್ಲಿ ಹಳೆಯ ಕಳೆ.

ಮೇ 2, ಶುಕ್ರವಾರ, ಮಧ್ಯಾಹ್ನ

ಬೆಳಿಗ್ಗೆ ಮೇಡಂ: "ಶೋಗೆ ಲಾಂಗ್ ವರ್ಷನ್ ಬೇಕು. ಧಡ್ ಆದಮೇಲೆ ಒಂದು ಉಸಿರು ಬರುತ್ತಲ್ಲ, ಸಖತ್ ಫೀಲ್ ಇದೆ ಅದರಲ್ಲಿ. ಇನ್ನೂ ಸ್ವಲ್ಪ ಉದ್ದ ಸಿಗುತ್ತಾ?"

ಮಡಚಿದ ಅಂಚನ್ನು ಬಿಚ್ಚಿದೆ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಏರಿಸಿ ಕೇಳಿದೆ.

ಅಪ್ಪ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವರು. ಏನಾಯಿತು ಅದನ್ನು ಬರೆ, ಅಳುವುದು ಆಮೇಲೆ ಅನ್ನುತ್ತಿದ್ದರು. ಬರೆಯುತ್ತೇನೆ.

ಧಡ್‌ಗೆ ಮುಂಚೆ ಅಣ್ಣನ ದನಿ. ಪಿಸುಮಾತು. "ಡ್ರಮ್ ಸ್ಟ್ಯಾಂಡ್ ಮೇಲೆ ಬಟ್ಟೆ ಒಣಗಿಹಾಕ್ತೀಯಾ? ನಾನು ಸತ್ತೆ ಅಂದ್ಕೊಂಡ್ಯಾ?"

ಧಡ್. ಅದು ಬೀರುವಿನ ಬಾಗಿಲಲ್ಲ. ಬೀರುವಿಗೆ ಅತ್ತಿಗೆಯ ಬೆನ್ನು.

ಉಸಿರು.

ಅತ್ತಿಗೆ, ಪಿಸುಮಾತು: "ಕೆಂಪು ಬಲ್ಬು ಉರೀತಿದೆ ರೀ. ಪುಟ್ಟಿ ಹಾಡ್ತಿದ್ದಾಳೆ. ಮೆಲ್ಲಗೆ."

ಅಣ್ಣ: "ಉರೀಲಿ. ಹಾಗಿದ್ರೆ ಬಾಯಿ ಮುಚ್ಕೊಂಡಿರು."

ಕೆನ್ನೆಗೆ ಬಿದ್ದ ಏಟುಗಳು. ಅಂಗೈ ಕುಳಿ ಮಾಡಿ ಹೊಡೆದರೆ ಸದ್ದು ಕಡಿಮೆ; ಡ್ರಮ್ಮರನಿಗೆ ಅದು ಗೊತ್ತು. ಅವನೂ ನಿಯಮ ಮುರಿದಿಲ್ಲ. ಆಮೇಲೆ ಬಟ್ಟೆ ಎಳೆದ ಸದ್ದು. ಆಮೇಲೆ ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಅತ್ತಿಗೆ ಕೂಗಲಿಲ್ಲ. ಮೂಗಿನಿಂದ ಒಂದು ಸ್ವರ ಬಂತು, ಅಷ್ಟೇ. ಸ್ವಲ್ಪ ಹೊತ್ತಿಗೆ ಕೇಳಿದರು: "ಆಯ್ತಾ ರೀ?"

ಬಾಗಿಲು ಮೆಲ್ಲಗೆ ಮುಚ್ಚಿತು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಟೆರೇಸ್ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನಾನು. ಗುನುಗುತ್ತಾ ಬರುತ್ತಿದ್ದೇನೆ.

ಅದೇ ದಿನ, ಸಂಜೆ

ಕೆಳಗೆ ಅಣ್ಣ ಮತ್ತೆ ಅದೇ ಹಾಡು ಹಾಕಿದ್ದಾನೆ.

ಮೇ 3, ಶನಿವಾರ

ಟೆರೇಸಿನಲ್ಲಿ ಅತ್ತಿಗೆ ಬಟ್ಟೆ ಹರವುತ್ತಿದ್ದರು. ನಾನು ಎದುರು ನಿಂತೆ. ಅವರೇ ನೋಡಿ, ಬಾಯಲ್ಲಿದ್ದ ಕ್ಲಿಪ್ ತೆಗೆದು, "ಕೇಳಿಸ್ಕೊಂಡ್ಯಾ ಪೂರ್ತಿ?" ಅಂದರು.

"ನಿಮಗೆ ಗೊತ್ತಿತ್ತಾ?"

"ಟೀ ತಂದ ದಿನವೇ ಗೊತ್ತಾಯ್ತು. ಕೋರಸ್‌ನಲ್ಲಿ ಅಷ್ಟು ಜನ ಒಟ್ಟಿಗೆ ಉಸಿರು ತಗೊಂಡ್ರೂ ನನ್ನದು ಯಾವುದು ಅಂತ ನನಗೆ ಗೊತ್ತಾಗ್ತಿತ್ತು. ಇದು ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ ಅತ್ತಿಗೆ?"

"ನೀನು ಎಷ್ಟೋ ದಿನದಮೇಲೆ ಊಟ ಮರೆತು ಕೂತಿದ್ದೆ. ಹಾಡು ಚೆನ್ನಾಗಿದೆ ಕಣೆ. ಅದು ಬೇರೆ ವಿಷಯ." ಒದ್ದೆ ಅಂಗಿ ಕೊಡವಿದರು. "ಆವತ್ತು ಒಂದು ಸಲ ಕೂಗೋಣ ಅನ್ನಿಸ್ತು. ನೀನು ಮೈಕ್ ಮುಂದೆ ಇದ್ದೀಯ, ಟೇಕ್ ಹಾಳಾಗುತ್ತೆ ಅಂತ ತಡ್ಕೊಂಡೆ."

"ನಾನು ಅಲ್ಲಿರಲಿಲ್ಲ. ಇಲ್ಲಿದ್ದೆ. ಫೋನಿನಲ್ಲಿ. ಬಲ್ಬು ಆರಿಸೋಕೆ ಮರೆತಿದ್ದೆ."

ಅತ್ತಿಗೆ ಕ್ಲಿಪ್ಪನ್ನು ತಂತಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಹಾಡು ತೆಗೆಸಿಬಿಡ್ತೀನಿ," ಅಂದೆ.

"ತೆಗೆಸು. ನಿನಗೆ ಇನ್ನೊಂದು ಹಾಡು ಬರುತ್ತೆ. ನನಗೆ ಇನ್ನೊಂದು ಬೆನ್ನು ಬರಲ್ಲ, ಅಷ್ಟೇ." ಕಹಿಯಾಗಿ ಹೇಳಲಿಲ್ಲ. ಪೇಟೆಗೆ ಹೊರಟವಳಿಗೆ ಮನೆಯಲ್ಲಿ ಏನಿಲ್ಲ ಏನಿದೆ ಅಂತ ಹೇಳಿದ ಹಾಗೆ ಹೇಳಿದರು.

ಮೇ 4, ಭಾನುವಾರ. ಎಡಗೈಯಲ್ಲಿ ಬರೆಯುತ್ತಿದ್ದೇನೆ

ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ಹಾಡು ಇಳಿಸಿ ಅಂದೆ. ಕಾರಣ ಹೇಳಲಿಲ್ಲ. "ಜೋಕ್ ಮಾಡ್ತಿದ್ದೀರಾ? ಅದೀಗ ನಿಮ್ಮ ಕೈಲೂ ಇಲ್ಲ, ನಮ್ಮ ಕೈಲೂ ಇಲ್ಲ ಮೇಡಂ, ಜನರ ಕೈಲಿದೆ," ಅಂದಳು. ಇಟ್ಟ ತಕ್ಷಣ ಅಣ್ಣನಿಗೆ ಫೋನ್ ಮಾಡಿದ್ದಾಳೆ.

ಮೆಟ್ಟಿಲು ಹತ್ತಿ ಬಂದ. ಬರುವಾಗ ಸ್ವಿಚ್ ಒತ್ತಿ ಬಲ್ಬು ಹಾಕಿದ. ಕೆಳಗೆ ಕುಕ್ಕರ್ ನಿಂತಿತು.

"ಏನು ನಿನ್ನ ತೊಂದರೆ?"

"ಆ ಸದ್ದು ಏನು ಅಂತ ಗೊತ್ತಾ ನಿನಗೆ?" ಅಂದೆ. ಕೇಳಿಸಿದೆ. ಅವನ ಮುಖವನ್ನು ನೋಡುತ್ತಾ ಕೇಳಿಸಿದೆ. ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಕಂಡಿತು. ಮೊದಲು ಕಿವಿ ಕೆಂಪಾಯಿತು.

"ಅಳಿಸು."

"ಅಳಿಸಲ್ಲ."

ಕೂದಲು ಹಿಡಿದು ಮೇಜಿಗೆ ಹೊಡೆದ. ಹುಬ್ಬು ಒಡೆಯಿತು. ಎದ್ದೆ. ಮೈಕ್ ಸ್ಟ್ಯಾಂಡಿಗೆ ಒತ್ತಿ ಎರಡೂ ಕೈಯಿಂದ ಗಂಟಲು ಹಿಡಿದ. ಹೆಬ್ಬೆರಳುಗಳು ನೇರ ಸ್ವರ ಹೊರಡುವ ಜಾಗದ ಮೇಲೆ. ಪ್ರತಿಯೊಂದನ್ನೂ ಪಿಸುಮಾತಿನಲ್ಲೇ ಹೇಳಿದ. "ನಾನು ಹಾಕಿದ ತಾಳದ ಮೇಲೆ ನೀನು ಹಾಡಿದೆ. ಅವಳು ನನ್ನ ಹೆಂಡತಿ. ಅಪ್ಪ ಇದ್ದಿದ್ರೆ ಇದನ್ನು ಹೊರಗೆ ಬಿಡ್ತಿದ್ರಾ?" ನಾನು ಅವನ ಕಿರುಬೆರಳು ಹಿಡಿದು ಹಿಂದಕ್ಕೆ ಮುರಿದೆ. ಅವನು ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ.

ಅತ್ತಿಗೆ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಪಾತ್ರೆ ಇಕ್ಕಳ. ಅದರಿಂದ ಅಣ್ಣನ ಬೆನ್ನಿಗೆ ಬೀಸಿದರು. ಅವನು ತಿರುಗಿ ಒಂದೇ ಒದೆ ಕೊಟ್ಟ. ಅವರು ಮೆಟ್ಟಿಲಿನಲ್ಲಿ ಕೂತ ಹಾಗೇ ಜಾರಿ ಕೆಳಗೆ ಹೋದರು.

ಕೊನೆಗೆ ಅಳಿಸಿದೆ. ಅವನ ಕಣ್ಣೆದುರಿಗೆ, ಎಡಗೈಯಲ್ಲಿ. ಉದ್ದದ ರೆಕಾರ್ಡಿಂಗ್ ಪರದೆಯಿಂದ ಹೋಯಿತು. ಧಡ್ ಒಂದನ್ನು ಬಿಟ್ಟೆ, ಅದು ಅವನಿಗೆ ಬೇಕು, ಶೋ ಇದೆ.

ಅಣ್ಣನಿಗೆ ಕಂಪ್ಯೂಟರ್ ಬರುವುದಿಲ್ಲ. ಆ ಚೂರು ಎಲ್ಲಿಯವರೆಗೆ ಹಾಡಿನಲ್ಲಿ ಇರುತ್ತದೋ ಅಲ್ಲಿಯವರೆಗೆ ಅದರೊಳಗೆ ಮಡಚಿದ ಉಳಿದ ಭಾಗ ಎಲ್ಲೂ ಹೋಗುವುದಿಲ್ಲ.

ಮೇ 13, ಮಂಗಳವಾರ

ದನಿ ಇಲ್ಲ. ಗಾಳಿ ಬರುತ್ತದೆ. ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಅಣ್ಣ ಪಕ್ಕದಲ್ಲೇ ನಿಂತು ಉತ್ತರ ಕೊಟ್ಟ: ಲೈಟ್ ಸ್ಟ್ಯಾಂಡ್ ಮೈಮೇಲೆ ಬಿತ್ತು. ಡಾಕ್ಟರು ನನ್ನ ಕುತ್ತಿಗೆಯ ಮೇಲಿನ ಬೆರಳಿನ ಗುರುತು ನೋಡಿದರು, ಅವನನ್ನು ನೋಡಿದರು, ಮಾತ್ರೆ ಬರೆದರು. ದನಿ ಮೊದಲಿನ ಹಾಗೆ ಬರುತ್ತದೋ ಇಲ್ಲವೋ ಈಗ ಹೇಳಲಾಗದಂತೆ.

ಮೇಡಂ ನೋಡಲು ಬಂದಿದ್ದಳು. "ಚಿಂತೆ ಬೇಡ, ದನಿ ಟ್ರ್ಯಾಕಿನಿಂದ ಓಡಿಸ್ತೀವಿ, ನೀವು ತುಟಿ ಆಡಿಸಿ ಸಾಕು. ಈಗ ಎಲ್ಲರೂ ಹಾಗೇ." ನನ್ನ ಸ್ಕಾರ್ಫ್ ಮುಟ್ಟಿ ನೋಡಿದಳು. "ಇದು ಚೆನ್ನಾಗಿದೆ. ಇದನ್ನೇ ಲುಕ್ ಮಾಡಿಬಿಡೋಣ."

ಅಣ್ಣ ಜೇನುತುಪ್ಪ ಹಾಕಿದ ಬಿಸಿನೀರು ತಂದುಕೊಟ್ಟ. ಕಿರುಬೆರಳಿಗೆ ಪಟ್ಟಿ. "ಬೇಗ ಹುಷಾರಾಗು ಪುಟ್ಟಿ," ಅಂದ. ನಿಜವಾಗಿಯೂ ಅಂದ, ಕಣ್ಣಲ್ಲಿ ನೀರಿತ್ತು. ಕುಡಿದೆ. ಗಂಟಲಿಗೆ ಹಿತವಾಯಿತು. ಅದನ್ನೂ ಬರೆದಿಡಬೇಕು.

ಮೇ 20, ಮಂಗಳವಾರ, ಮಧ್ಯಾಹ್ನ

ಅಣ್ಣ ಹೊರಗೆ ಹೋಗಿದ್ದ. ಅತ್ತಿಗೆ ಪ್ಯಾಡ್ ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಈಚೆಗೆ ಎಡಕ್ಕೆ ವಾಲಿ ನಡೆಯುತ್ತಾರೆ.

"ಶೋಗೆ ಸದ್ದು ತುಂಬಿಸ್ಬೇಕು. ಕೊಡು."

ಧಡ್ ಕೊಡಲು ಹೋದೆ. ಕೈ ಹಿಡಿದರು. "ಇಷ್ಟೇ ಅಲ್ಲ. ಅಂಚು ಬಿಚ್ಚು."

ಕಾಗದದ ಮೇಲೆ ಬರೆದೆ: ಎಲ್ಲಿಯವರೆಗೆ?

"ನಿನ್ನ ಚಪ್ಪಲಿ ಸದ್ದಿನವರೆಗೆ."

ಬರೆದೆ: ಹಾಡು ಅಲ್ಲಿಗೆ ಮುಗಿಯುತ್ತೆ. ಗುಂಪೂ ಮುಗಿಯುತ್ತೆ. ಅವನು ಬಿಡಲ್ಲ.

"ಅವನು ಈಗ ಬಿಟ್ಟಿದ್ದಾನಾ?" ಕುರ್ಚಿ ಎಳೆದುಕೊಂಡು ಕೂತರು. "ನೋಡು ಪುಟ್ಟಿ. ಊರೆಲ್ಲ ನನ್ನ ಬೆನ್ನಿಗೆ ಕುಣೀತಿದೆ. ಕುಣೀಲಿ. ಆದರೆ ಅರ್ಧ ಕೇಳಿ ಕುಣೀತಿದೆ. ನಾನು ಆವತ್ತು ಪಿಸುಗುಟ್ಟಿದ್ದು ಒಂದು ಸಲ ಜೋರಾಗಿ ಕೇಳಿಸ್ಬೇಕು. ನನಗೆ ಕೇಳಿಸ್ಬೇಕು. ಹಾಡು ನಿಂದು. ಸದ್ದು ನಂದು. ನೀನು ಬೇಡ ಅಂದ್ರೆ ತಗೊಂಡು ಹೋಗ್ತೀನಿ."

ಹಾಡನ್ನು ಒಮ್ಮೆ ಹಾಕಿ ಕೇಳಿದೆ. ನನ್ನ ದನಿ ಅದರಲ್ಲಿದೆ. ಬಹುಶಃ ಅದರಲ್ಲಿ ಮಾತ್ರ ಇದೆ. ಮುಗಿದಮೇಲೆ ಅಂಚು ಬಿಚ್ಚಿದೆ.

ಪ್ಯಾಡಿನಲ್ಲಿ ಎರಡು ಬಗೆಯಿದೆ. ಒಂದರಲ್ಲಿ ಏಟು ಮುಗಿದರೆ ಸದ್ದೂ ಮುಗಿಯುತ್ತದೆ. ಇನ್ನೊಂದರಲ್ಲಿ ಒಮ್ಮೆ ಬಡಿದರೆ ಕೊನೆಯವರೆಗೂ ಓಡುತ್ತದೆ, ಮತ್ತೆ ಬಡಿದರೆ ಮೊದಲಿನದರ ಮೇಲೆ ಇನ್ನೊಂದು ಶುರುವಾಗುತ್ತದೆ. ಅತ್ತಿಗೆ ಎರಡನೆಯದನ್ನು ಒತ್ತಿದರು.

ಅವರ ಬಟ್ಟೆ ಚೀಲ ಪಿಟೀಲು ಮನೆಯಲ್ಲಿದೆ. ಪಿಟೀಲು ಏಕೆಂದು ಕೇಳಲಿಲ್ಲವಂತೆ. "ನನ್ನ ಮನೇಲಿ ಬೀರು ಇಲ್ಲ, ಗೂಟಕ್ಕೆ ತೂಗುಹಾಕ್ತೀನಿ," ಅಂದರಂತೆ. ಹಾಗಾದರೆ ಅವರಿಗೂ ಗೊತ್ತು.

ಮೇ 24, ಶನಿವಾರ, ಮಧ್ಯಾಹ್ನ

ಸೌಂಡ್ ಚೆಕ್ ಮುಗಿಯಿತು. ಅದಕ್ಕೆ ಅತ್ತಿಗೆ ಚಿಕ್ಕ ಧಡ್ಡನ್ನೇ ಹಾಕಿದ್ದರು. ಅಣ್ಣ ಒಮ್ಮೆ ಬಡಿದ. ಬಯಲಿನಾಚೆಯ ಕಟ್ಟಡಗಳಿಗೆ ಬಡಿದು ವಾಪಸ್ ಬಂತು. ಮಗುವಿನ ಹಾಗೆ ನಕ್ಕ. "ಕೇಳಿದ್ಯಾ ಪುಟ್ಟಿ? ಡ್ರಮ್ಮು ಸತ್ತಿಲ್ಲ."

ಆಮೇಲೆ ಟೀ ಕುಡಿಯಲು ಹೋದ. ಅತ್ತಿಗೆ ಪ್ಯಾಡಿನ ಮುಂದೆ ಮಂಡಿಯೂರಿ ಬಟನ್ ಒತ್ತಿದರು. ಎದ್ದು ಸೆರಗಿನಿಂದ ಪ್ಯಾಡಿನ ಧೂಳು ಒರೆಸಿದರು. ಬೇಕಾಗಿರಲಿಲ್ಲ.

ನಾನು ಸ್ಕಾರ್ಫ್ ಕಟ್ಟಿಕೊಂಡೆ.

ಅದೇ ದಿನ, ಸಂಜೆ. ಮೇಕಪ್ ಕೋಣೆ

ಬಾಗಿಲಿಗೆ ಮೇಜು ಅಡ್ಡ ಇಟ್ಟಿದ್ದೇವೆ. ಆದ ಕ್ರಮದಲ್ಲೇ ಬರೆಯುತ್ತೇನೆ.

ಪಿಟೀಲು ಟ್ರ್ಯಾಕ್ ಹಾಕಿದರು. ಅಣ್ಣ ಸ್ಟಿಕ್‌ಗಳನ್ನು ತಲೆಯ ಮೇಲೆ ಎತ್ತಿ ಒಂದಕ್ಕೊಂದು ಬಡಿದು ಎಣಿಸಿದ. ಜನರೂ ಎಣಿಸಿದರು. ಮೊದಲ ಧಡ್. ಎದುರಿನ ಅಷ್ಟೂ ಜನ ಹಿಂದಿನವರ ಎದೆಗೆ ಬೆನ್ನು ಹೊಡೆದರು. ಉಸಿರು. ಅದರ ಹಿಂದೆಯೇ, ಕಟ್ಟಡದಷ್ಟು ಎತ್ತರದ ಸ್ಪೀಕರುಗಳಲ್ಲಿ ಅತ್ತಿಗೆಯ ಪಿಸುಮಾತು: ಕೆಂಪು ಬಲ್ಬು ಉರೀತಿದೆ ರೀ.

ಜನ ಹೋ ಎಂದರು. ಹೊಸ ವರ್ಷನ್ ಅಂದುಕೊಂಡರು. ಫೋನುಗಳು ಮೇಲೆದ್ದವು. ಎರಡನೇ ಧಡ್ ಅಣ್ಣನ ಕೈಯಿಂದ ಅಭ್ಯಾಸಬಲದಿಂದ ಬಿತ್ತು. ಅದರ ಮೇಲೆ ಅವನದೇ ದನಿ: ಬಾಯಿ ಮುಚ್ಕೊಂಡಿರು. ಪಿಟೀಲು ಟ್ರ್ಯಾಕ್ ನಿಲ್ಲಿಸಿದರು. ಕೈಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ಈಗ ಬರೀ ಅದೇ. ಅಣ್ಣ ನಿಲ್ಲಿಸಲು ಪ್ಯಾಡನ್ನು ಬಡಿದ. ಬಡಿದಷ್ಟು ಸಲವೂ ಇನ್ನೊಂದು ಬೆನ್ನು, ಇನ್ನೊಂದು ಉಸಿರು. ನಿಲ್ಲಿಸುವ ಬಟನ್ ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ. ಹುಚ್ಚು ಹಿಡಿದವನ ಹಾಗೆ ಬಡಿದ. ಏಟುಗಳು ಒಂದರ ಮೇಲೊಂದು ಬಿದ್ದವು. ಮೂಳೆಯ ಸದ್ದು ಬಂದಾಗ ಮುಂದಿನ ಸಾಲುಗಳು ನಿಂತುಬಿಟ್ಟವು. ಹಿಂದಿನವರು ಕುಣಿಯುತ್ತಲೇ ಇದ್ದರು. ಅದು ಅವರನ್ನು ತಲುಪಲು ಹೊತ್ತು ಹಿಡಿಯಿತು. "ಆಯ್ತಾ ರೀ?" ಎಂಬುದು ಹೊರಟಾಗ ಇಡೀ ಬಯಲಿನಲ್ಲಿ ಬೇರೆ ಸದ್ದಿರಲಿಲ್ಲ. ಅದೂ ಒಂದೇ ಸಲ ಬರಲಿಲ್ಲ. ಅವನು ಎಷ್ಟು ಸಲ ಬಡಿದಿದ್ದನೋ ಅಷ್ಟೂ ಸಲ ಬಂತು.

ಅತ್ತಿಗೆ ವೇದಿಕೆಯ ಪಕ್ಕ ಕೇಬಲ್ ಪೆಟ್ಟಿಗೆಯ ಮೇಲೆ ಕೂತು ಕೇಳುತ್ತಿದ್ದರು. ಅಣ್ಣ ಅಲ್ಲಿಗೇ ನುಗ್ಗಿದ. ಸ್ಟಿಕ್ಕಿನಿಂದ ತಲೆಗೆ ಹೊಡೆದ. ಸ್ಟಿಕ್ ಮುರಿಯಿತು. ಮುರಿದ ಚೂಪಿನಿಂದ ಚುಚ್ಚಲು ಹೋದ. ನಾನು ಮೈಕ್ ಸ್ಟ್ಯಾಂಡನ್ನು ಅವನ ಮಂಡಿಗೆ ಬೀಸಿದೆ. ಚೂಪು ನನ್ನ ಭುಜಕ್ಕೆ ಇಳಿಯಿತು. ಪಿಟೀಲು ಓಡಿ ಬಂದು ಅವನ ಬೆನ್ನಿಗೆ ನೇತುಬಿದ್ದರು, ಉಪ್ಪಿನ ಮೂಟೆ ಆಡುವ ಮಕ್ಕಳ ಹಾಗೆ. ಅವನು ಕೊಡವಿದ. ಅವರು ಕೀಬೋರ್ಡಿನ ಮೇಲೆ ಬಿದ್ದರು. ಎಲ್ಲ ಸ್ವರಗಳೂ ಒಟ್ಟಿಗೆ ಕೂಗಿದವು. ಕಾವಲಿನವರು ನೋಡುತ್ತಾ ನಿಂತಿದ್ದರು. ಇದೂ ಶೋ ಅಂದುಕೊಂಡಿರಬೇಕು. ಅತ್ತಿಗೆ ನನ್ನ ಕೈ ಹಿಡಿದು ಓಡಿದರು.

ಮೇಡಂ ಫೋನ್ ಬಂತು. ಅತ್ತಿಗೆ ಎತ್ತಿದರು. "ಇದು ನಿಮ್ಮ ಪ್ಲಾನಾ? ಜನಕ್ಕೆ ತಲೆ ಕೆಟ್ಟಿದೆ. ಮೊದಲೇ ಹೇಳಿದ್ರೆ ಇನ್ನೊಂದು ಕ್ಯಾಮೆರಾ ಹಾಕಿಸ್ತಿದ್ದೆ." ಅತ್ತಿಗೆ ಫೋನನ್ನು ನೀರಿನ ಜಗ್ಗಿಗೆ ಹಾಕಿದರು.

ಅಣ್ಣ ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದಾನೆ. ಮೇಜು ಜರುಗುತ್ತಿದೆ. ಗುದ್ದುವುದು ನಿಂತಿತು. ಸಂದಿಯಿಂದ ಪಿಸುಮಾತು: "ತೆಗೀರಿ. ಮೆಲ್ಲಗೆ ಕೂತು ಮಾತಾಡೋಣ."

ಏಕೆ ಪಿಸುಗುಟ್ಟುತ್ತಾನೆಂದು ಈಗ ನೋಡಿದೆ. ಈ ಬಾಗಿಲ ಮೇಲೂ, ಒಳಗೂ ಹೊರಗೂ ಕಾಣುವ ಹಾಗೆ, ಒಂದು ಕೆಂಪು ಬಲ್ಬು ಇದೆ. ವೇದಿಕೆಯಲ್ಲಿ ಕಾರ್ಯಕ್ರಮ ನಡೆಯುವಾಗ ಉರಿಯುವುದು. ಯಾರೂ ಆರಿಸಿಲ್ಲ.

ಅತ್ತಿಗೆಯೂ ಅದನ್ನೇ ನೋಡುತ್ತಿದ್ದಾರೆ. ಹಣೆಯಿಂದ ಇಳಿದ ರಕ್ತ ಗಲ್ಲದಲ್ಲಿ ನಿಂತಿದೆ.

"ನಿನ್ನ ಗಂಟಲಿಗೆ ಕೂಗೋಕೆ ಆಗಲ್ಲ, ಅಲ್ವಾ?"

ತಲೆಯಾಡಿಸಿದೆ.

"ಬಿಡು." ಕೂದಲು ಗಂಟು ಹಾಕಿಕೊಂಡರು. ಬಲ್ಬಿನ ಕೆಳಗೆ ಹೋಗಿ ಕಾಲು ಅಗಲಿಸಿ ನಿಂತರು, ಕೋರಸ್‌ನಲ್ಲಿ ನಿಲ್ಲುತ್ತಿದ್ದ ಹಾಗೆ. ಹೊಟ್ಟೆಯಿಂದ ಉಸಿರು ಎಳೆದುಕೊಂಡರು. ಅದೇ ಉಸಿರು. ಹಾಡಿನಲ್ಲಿ ನಾನು ಕತ್ತರಿಸಿದ್ದು ಇಲ್ಲಿಗೇ. ಈಗ ಅತ್ತಿಗೆ ಬಾಯಿ ತೆರೆದು—